ಒಲೆಯ ಸರದಿ

"ಕಾಲು ಅಲ್ಲಾಡಿಸಬೇಡ ಎಮ್ಮೆ! ಕೆಸರು ಏಳುತ್ತೆ ಅಂತ ಎಷ್ಟು ಸಲ ಬಡ್ಕೋಬೇಕು ನಿನ್ನ ಮುಂದೆ?"

ಕೂಗಿದವನು ಮೇಸ್ತ್ರಿ. ಅವನು ದಡದ ಮೇಲೆ, ನಾನು ಎದೆಮಟ್ಟದ ನೀರಿನಲ್ಲಿ. ಕುತ್ತಿಗೆಯಿಂದ ಮೂಗಿನ ತನಕ ಮಫ್ಲರ್ ಸುತ್ತಿಕೊಂಡಿದ್ದ. ಬೈಯಬೇಕೆನಿಸಿದಾಗ ಮಾತ್ರ ಅದನ್ನು ಬಾಯಿಂದ ಕೆಳಕ್ಕೆ ಎಳೆಯುತ್ತಿದ್ದ. ಎಳೆದೂ ಎಳೆದೂ ಅದರ ಅಂಚು ಜೋಲುಬಿದ್ದಿತ್ತು. ನಾವು ಹೆಂಗಸರು ಅವನನ್ನು ಕರೆಯುತ್ತಿದ್ದದ್ದೇ ಮಫ್ಲರ್ ಎಂದು, ಅವನಿಗೆ ಕೇಳಿಸದ ಹಾಗೆ.

ನನ್ನ ಬಲಗೈಯಲ್ಲಿ ಗಾಜಿನ ಬಾಟಲಿ, ಎಡಗೈಯಲ್ಲಿ ಅದರ ಬಿರಡೆ. ನೀರಿನ ಮೇಲ್ಮೈಯಲ್ಲಿ ತುಂಬಿದರೆ ಅದು ಕೆಲಸಕ್ಕೆ ಬಾರದು. ಆಳಕ್ಕೆ ಮುಳುಗಿಸಿ, ಓರೆಯಾಗಿ ಹಿಡಿದು, ನೀರು ತಾನಾಗಿ ಒಳಗೆ ಬರುವ ತನಕ ಕಾದು, ನೀರೊಳಗೇ ಬಿರಡೆ ಒತ್ತಬೇಕು. ಒಂದು ಗುಳ್ಳೆ ಒಳಗೆ ಉಳಿದರೂ ಮತ್ತೆ ಮೊದಲಿನಿಂದ. ಚಳಿಗಾಲದಲ್ಲಿ ಮೀನಿಗೆ ಉಸಿರಾಡಲು ನೀರಿನಲ್ಲಿ ಎಷ್ಟು ಗಾಳಿಯಿದೆ ಎಂದು ನೋಡುವ ಬಾಟಲಿ ಅದು. ನಮ್ಮ ಎದೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡುವ ಬಾಟಲಿಯನ್ನು ಇನ್ನೂ ಯಾರೂ ಮಾಡಿಲ್ಲ.

"ತುಂಬ್ತಾ?"

"ತುಂಬ್ತು ಮೇಸ್ತ್ರಿ."

"ಗುಳ್ಳೆ?"

"ಇಲ್ಲ."

"ಇದ್ರೆ ನಿನ್ನನ್ನೇ ಮುಳುಗಿಸಿ ತುಂಬ್ತೀನಿ, ನೋಡ್ಕೋ."

ದಡಕ್ಕೆ ತಂದುಕೊಟ್ಟ ಬಾಟಲಿಗೆ ಅವನು ಎರಡು ಸೀಸೆಗಳಿಂದ ಔಷಧಿ ಹನಿ ಬಿಡುತ್ತಿದ್ದ. ನೀರು ಕಂದುಬಣ್ಣಕ್ಕೆ ತಿರುಗಿದರೆ ಗಾಳಿ ಇದೆ. ಬೆಳ್ಳಗೆ ಒಡೆದ ಹಾಲಿನಂತೆ ನಿಂತರೆ ಇಲ್ಲ. ಆ ಚಳಿಗಾಲವೆಲ್ಲ ನಮ್ಮ ಬಾಟಲಿಗಳು ತಪ್ಪದೆ ಕಂದುಬಣ್ಣಕ್ಕೇ ತಿರುಗಿದವು. ಉಳಿದ ಪರೀಕ್ಷೆಗೆ ಬಾಟಲಿಗಳು ಇಲಾಖೆಯ ಲ್ಯಾಬಿಗೆ ಹೋಗುತ್ತಿದ್ದವು. ಅಲ್ಲಿಯೂ ಎಲ್ಲ ಸರಿ ಎಂದೇ ಬರುತ್ತಿತ್ತಂತೆ.

ಈ ನದಿ ಒಮ್ಮೆ ಸತ್ತಿತ್ತು. ಕೊಂದವರು ಯಾರು ಎಂದು ಕೇಳಿದರೆ ಎಲ್ಲರ ಬೆರಳೂ ನಮ್ಮ ಕಡೆಗೇ. ಮರಳು ತೆಗೆದವರು ನಾವು, ಸುಳ್ಳೇಕೆ ಹೇಳಲಿ. ಬುಟ್ಟಿ ನಮ್ಮದು, ಲಾರಿ ಬೇರೆಯವರದು. ಲಾರಿಯವರ ಹೆಸರು ಯಾರಿಗೂ ನೆನಪಿಲ್ಲ, ಬುಟ್ಟಿಯವರ ಹೆಸರು ಮಾತ್ರ ಪೊಲೀಸ್ ಠಾಣೆಯಲ್ಲಿ ಇನ್ನೂ ಇದೆ. ಆಮೇಲೆ ಆಚೆ ದಡದ ಕಾರ್ಖಾನೆಯ ಧಣಿಗೆ ನದಿಯ ಮೇಲೆ ಕರುಣೆ ಹುಟ್ಟಿತು. ಬಟ್ಟೆಗೆ ಬಿಳುಪು ಕೊಡುವ ಕಾರ್ಖಾನೆ ಅವರದು. ಧಣಿಯ ದುಡ್ಡು, ಇಲಾಖೆಯ ಸಾಹೇಬರ ಬುದ್ಧಿ, ನಮ್ಮ ಬೆನ್ನು, ಮೂರೂ ಸೇರಿ ನದಿಗೆ ಜೀವ ಬಂತು. ಮಡು ತೋಡಿದೆವು, ಜಲ್ಲಿ ಹಾಸಿದೆವು, ದಡಕ್ಕೆ ಕಲ್ಲು ಪೇರಿಸಿ ಮೀನು ಅಡಗಲು ಸಂದು ಮಾಡಿದೆವು. ಕೆಲಸ ಮುಗಿದ ದಿನ ಸುತ್ತ ಬೇಲಿ ಬಂತು. ಆಚೆ ದಡದಲ್ಲಿ ಹುಲ್ಲುಹಾಸು, ಬೆಂಚು, ಧಣಿಯ ಹೆಸರಿನ ಫಲಕ. ಈಚೆ ದಡದಲ್ಲಿ ನಮ್ಮ ಗುಡಿಸಲುಗಳು, ಮತ್ತು ಒಂದು ಎಚ್ಚರಿಕೆಯ ಹಲಗೆ. ನಮ್ಮ ಗಂಡಸರು ನೀರಿಗೆ ಕಾಲಿಟ್ಟರೆ ಕೇಸು. ಮೀನು ಕದಿಯುವ ಜಾತಿ, ನಂಬುವ ಹಾಗಿಲ್ಲ ಎಂದು ಸಾಹೇಬರೇ ಹೇಳಿದ್ದರು. ಆದರೆ ವಾರವಾರ ನೀರು ತುಂಬಲು ಯಾರಾದರೂ ಇಳಿಯಲೇಬೇಕಲ್ಲ. ದೋಣಿ ಹಾಕಿದರೆ ಮಡು ಕಲಕುತ್ತದೆ. ಹಾಗಾಗಿ ಹೆಂಗಸರು ಇಳಿಯಬಹುದು ಎಂದಾಯಿತು. ಹೆಂಗಸರು ಕದಿಯುವುದಿಲ್ಲ ಎಂದಲ್ಲ, ಮೈಗಂಟಿದ ಒದ್ದೆ ಸೀರೆಯೊಳಗೆ ಬಲೆ ಅಡಗಿಸಲಾಗದು ಎಂದು.

ನಾವು ಐದು ಜನ ಇಳಿಯುತ್ತಿದ್ದೆವು. ಬಾಟಲಿ ತುಂಬುವುದು, ನೀರಿನ ಬಿಸಿ ಅಳೆಯುವ ಕಾವಿನ ಕಡ್ಡಿಯನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು ಅದು ತೋರಿಸಿದ್ದನ್ನು ಕೂಗಿ ಹೇಳುವುದು, ಕಲ್ಲುಸಂದಿನಲ್ಲಿ ಸಿಕ್ಕ ಕಸ ತೆಗೆಯುವುದು. ಬೆಳಗಿನ ಮಂಜು ಕರಗುವ ಮೊದಲು ಶುರುವಾದರೆ ಮುಗಿಯುವುದು ಬಿಸಿಲು ಏರಿದ ಮೇಲೆ. ಅಷ್ಟು ಹೊತ್ತಿಗೆ ಹಲ್ಲು ಕಟಕಟ ಎಂದು, ಮಾತು ಸಹ ತುಂಡುತುಂಡಾಗಿ ಹೊರಗೆ ಬರುತ್ತಿತ್ತು.

ಆದರೆ ನಮಗೊಂದು ಗುಟ್ಟಿತ್ತು. ಮಡುವಿನ ಆಚೆ ದಡದ ಬುಡದಲ್ಲಿ, ನಾವೇ ಪೇರಿಸಿದ ಕಲ್ಲುಗಳ ಹತ್ತಿರ, ನೀರು ಬೆಚ್ಚಗಿತ್ತು. ನಾಲ್ಕು ಹೆಜ್ಜೆ ಈಚೆ ಬಂದರೆ ಮೂಳೆ ಕೊರೆಯುವ ಚಳಿ, ಅಲ್ಲಿ ಮಾತ್ರ ಬಾಣಂತಿಯ ಸ್ನಾನದ ನೀರಿನ ಹಾಗೆ. ಮೊದಲು ಅದನ್ನು ಕಂಡುಹಿಡಿದವಳು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ.

"ಲೇ, ಬಾರೇ ಇಲ್ಲಿ," ಎಂದು ಪಿಸುಗುಟ್ಟಿದ್ದಳು. "ನದಿ ಒಳಗೆ ಯಾರೋ ಒಲೆ ಹಚ್ಚಿದಾರೆ. ಆಹಾ, ಎಷ್ಟು ಹಿತ!"

ಅಂದಿನಿಂದ ಅದರ ಹೆಸರು ಒಲೆ. ಅಷ್ಟು ಜಾಗದಲ್ಲಿ ಒಬ್ಬರೇ ನಿಲ್ಲಲು ಸಾಧ್ಯ, ಹಾಗಾಗಿ ಸರದಿ. "ಇವತ್ತು ಒಲೆ ಯಾರದು?" ಎಂದು ಬೇಲಿ ದಾಟುವಾಗಲೇ ಜಗಳ ಶುರು. ಮನೆಯ ಒಲೆಗೆ ಸೌದೆ ಹೊಂದಿಸಲು ಹೀಗೆ ಜಗಳವಾಡಿದ್ದರೆ ನಾವು ಎಂದೋ ಉದ್ಧಾರವಾಗುತ್ತಿದ್ದೆವು.

ಆಚೆ ದಡದ ಬುಡದಿಂದಲೂ ಒಂದು ಬಾಟಲಿ ತುಂಬಬೇಕಿತ್ತು. ಅದನ್ನು ನಾವು ಒಲೆಯಲ್ಲಿ ತುಂಬುತ್ತಿರಲಿಲ್ಲ, ಈಚೆಗೆ ಸರಿದು ತಣ್ಣೀರಿನಲ್ಲೇ ತುಂಬುತ್ತಿದ್ದೆವು. ಕಾವಿನ ಕಡ್ಡಿಯನ್ನೂ ತಣ್ಣೀರಿಗೇ ಬಿಡುತ್ತಿದ್ದೆವು. ಮಫ್ಲರಿಗೆ ಗೊತ್ತಾದರೆ ಒಲೆ ಹೋಯಿತು ಎಂದೇ ಲೆಕ್ಕ. ಬಡವರ ಮನೆಯ ಬಿಸುಪು ಉಳ್ಳವರ ಕಣ್ಣಿಗೆ ಬಿದ್ದರೆ ಉಳಿಯುತ್ತದೆಯೇ? ದಟ್ಟ ಮಂಜಿನಲ್ಲಿ ಈಚೆ ದಡದಿಂದ ಅವನಿಗೆ ನಮ್ಮ ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆಚೆ ದಡದ ಬಾಟಲಿ ಕಂದುಬಣ್ಣಕ್ಕೆ ತಿರುಗಿದಾಗಲೆಲ್ಲ ಅವನು ನಮಗೆ ಒಂದು ಸುತ್ತು ಟೀ ಹೆಚ್ಚಿಗೆ ಕೊಡಿಸುತ್ತಿದ್ದ. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಟೀ ಏಕೆ ಕೊಡಿಸುತ್ತಾನೆ ಎಂದು ನಾವು ಕೇಳಲಿಲ್ಲ. ಬಿಸಿ ಲೋಟ ಅಂಗೈಗೆ ಹಿತವಾಗಿತ್ತು, ಕುಡಿದೆವು.

ಮೀನುಗಳಿಗೂ ಒಲೆ ಗೊತ್ತಿತ್ತು. ಚಳಿ ಹೆಚ್ಚಿದಂತೆ ಅವು ಮಡುವಿನ ಆ ಮೂಲೆಗೆ ಬಂದು ಸೇರಿದವು. ಕಲ್ಲಿನ ಬಾಯಿಗೆ ಮಾತ್ರ ಬರುತ್ತಿರಲಿಲ್ಲ, ಸುತ್ತ ದೂರದಲ್ಲಿ ನಿಲ್ಲುತ್ತಿದ್ದವು. ಮೀನಿಗಿದ್ದ ಬುದ್ಧಿ ನಮಗಿರಲಿಲ್ಲ.

ಸಾಹೇಬರು ಒಂದು ದಿನ ಆಚೆ ದಡದಿಂದ ಆ ಗುಂಪನ್ನು ನೋಡಿ ಮಗುವಿನ ಹಾಗೆ ಕುಣಿದರು. "ನೋಡ್ರೀ, ನೋಡ್ರೀ! ಇಂಥಾ ಚಳಿಯಲ್ಲೂ ಎಷ್ಟೊಂದು! ಬೇರೆ ಯಾವ ನದಿಯಲ್ಲಿದೆ ಇದು?" ಫೋಟೋ ತೆಗೆಸಿದರು. ಚೌಕಟ್ಟಿನೊಳಗೆ ನಮ್ಮ ತಲೆಗಳು ಬಂದವು. "ಆ ಹೆಂಗಸರನ್ನ ಸ್ವಲ್ಪ ಬಗ್ಗೋಕೆ ಹೇಳ್ರೀ," ಎಂದರು. ಬಗ್ಗಿದೆವು. ಮೂಗಿನ ತನಕ ನೀರು ಬಂತು.

ಅಕ್ಕನಿಗೆ ಮಂಡಿನೋವು. ಮರಳು ಹೊರುತ್ತಿದ್ದ ಕಾಲದಿಂದ ಬಂದದ್ದು. ಅದಕ್ಕೆ ನಾವೆಲ್ಲ ನಮ್ಮ ಸರದಿಯನ್ನು ಅವಳಿಗೇ ಬಿಟ್ಟುಕೊಡತೊಡಗಿದೆವು. ಯಾರೂ ಹೇಳಿದ್ದಲ್ಲ, ತಾನಾಗಿ ಆಯಿತು. ಅವಳು ಬೇಡ ಬೇಡ ಎನ್ನುತ್ತಲೇ ಹೋಗಿ ನಿಲ್ಲುತ್ತಿದ್ದಳು. ಕಲ್ಲಿನ ಮೇಲೆ ಬೆನ್ನು ಆನಿಸಿ ಕಣ್ಣು ಮುಚ್ಚುತ್ತಿದ್ದಳು. ಅವಳ ಮುಖ ನೋಡಿದರೆ ನನಗೇ ಬೆಚ್ಚಗಾಗುತ್ತಿತ್ತು.

"ಇಲ್ಲಿ ನೀರು ಸೋಪಿನ ಹಾಗೆ ಜಾರುತ್ತೆ ಕಣೇ," ಎಂದಳು ಒಮ್ಮೆ. "ನೋಡು ನನ್ನ ಪಾದ, ಎಷ್ಟು ಬೆಳ್ಳಗಾಗಿದೆ."

ನಿಜ. ವರ್ಷಗಟ್ಟಲೆ ಒಡೆದು ಕಪ್ಪಾಗಿದ್ದ ಹಿಮ್ಮಡಿ ನುಣುಪಾಗಿತ್ತು. ನಾವೆಲ್ಲ ಸೇರಿ ರೇಗಿಸಿದೆವು. "ಮದುಮಗಳ ಪಾದ! ಭಾವ ಇನ್ನು ಮನೆ ಬಿಟ್ಟು ಹೊರಗೆ ಹೋಗಲ್ಲ ಬಿಡು!" ಅಕ್ಕ ನಾಚಿ ನೀರು ಎರಚಿದಳು. ಕುಲುಕುಲು ನಕ್ಕೆವು. ಮಫ್ಲರ್ ಈಚೆ ದಡದಿಂದ, "ಏನ್ರೇ ಅದು ಕಿಸಿಕಿಸಿ? ಮೀನು ಓಡಿ ಹೋಗ್ತಾವೆ, ಮುಂಡೇವಾ!" ಎಂದ.

ಅದಾದ ಸ್ವಲ್ಪ ದಿನಕ್ಕೆ, ಕೆಲಸ ಮುಗಿಸಿ ಮನೆ ಕಡೆ ನಡೆಯುವಾಗ ನಾನು ಅಕ್ಕನ ಹಿಂದೆ ಇದ್ದೆ. ಒಣಮಣ್ಣಿನ ಮೇಲೆ ಅವಳ ಪ್ರತಿ ಎಡಹೆಜ್ಜೆಯೂ ಕೆಂಪಾಗಿ ಮೂಡುತ್ತಿತ್ತು.

"ಅಕ್ಕ, ನಿಂತ್ಕೋ. ಕಾಲಿಗೇನಾಯ್ತು?"

"ಏನಾಯ್ತು?"

ಕಾಲೆತ್ತಿ ನೋಡಿದೆ. ಅಂಗಾಲಿನಲ್ಲಿ ಒಂದು ಗಾಜಿನ ಚೂರು, ನನ್ನ ಹೆಬ್ಬೆರಳಿನಷ್ಟು ದೊಡ್ಡದು, ಪೂರ್ತಿ ಒಳಗೆ ಹೋಗಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. ನಾನು ಚೂರು ಎಳೆಯಲು ಹಿಮ್ಮಡಿ ಹಿಡಿದೆ. ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಚರ್ಮ ನನ್ನ ಕೈಗೆ ಬಂತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು, ತನ್ನ ಕಾಲನ್ನಲ್ಲ. "ನೋಯ್ತಿಲ್ಲ ಕಣೇ," ಎಂದಳು. "ಯಾಕೆ ನೋಯ್ತಿಲ್ಲ?"

ಭಾವ ಅವಳನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ನಡೆದ. ನಾನು ಹಿಂದೆ ಓಡಿದೆ. ಅಲ್ಲಿದ್ದದ್ದು ಒಬ್ಬರೇ ಡಾಕ್ಟರಮ್ಮ, ಸಾಲು ಬಾಗಿಲ ತನಕ. ನಮ್ಮ ಸರದಿ ಬಂದಾಗ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿ ಅವರು ಕೇಳಿದ ಮೊದಲ ಮಾತು: "ಬೆಂಕಿ ಎಲ್ಲಿ ತುಳಿದೆ?"

"ಬೆಂಕಿಯಾ? ನಾನು ನೀರಲ್ಲಿ ಕೆಲಸ ಮಾಡೋಳು ಡಾಕ್ಟರಮ್ಮ."

"ಇದು ಸುಟ್ಟ ಗಾಯ. ಒಂದು ದಿನದ್ದಲ್ಲ, ನಿಧಾನಕ್ಕೆ ಬೆಂದಿದೆ. ಯಾವುದೋ ಕಟು ನೀರು, ಸುಣ್ಣಕ್ಕಿಂತ ಹತ್ತು ಪಟ್ಟು ಜೋರಿರೋದು. ಅದರ ಜೊತೆ ಇನ್ನೇನು ಸೇರಿದೆಯೋ ಗೊತ್ತಿಲ್ಲ. ನರದ ತನಕ ಹೋಗಿದೆ."

ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಒಲೆ ಎಂದು ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

"ಏನಿದೆ ಅಂತ ಗೊತ್ತಾಗಬೇಕು," ಎಂದರು ಡಾಕ್ಟರಮ್ಮ, ಬಟ್ಟೆ ಸುತ್ತುತ್ತ. "ಗೊತ್ತಾದ್ರೆ ದೊಡ್ಡಾಸ್ಪತ್ರೆಗೆ ಬರೆದು ಕಳಿಸ್ತೀನಿ, ಸರಿಯಾದ ಮದ್ದು ಕೊಡ್ತಾರೆ. ಇಲ್ಲಾಂದ್ರೆ ಅಲ್ಲಿ ಸಕ್ಕರೆ ಕಾಯಿಲೆ ಅಂತ ಪಾದ ತೆಗೀತಾರೆ ಅಷ್ಟೆ. ನೀರು ಪರೀಕ್ಷೆ ಮಾಡೋ ಲ್ಯಾಬು ಇರೋದು ಇಲಾಖೆ ಹತ್ರ ಮಾತ್ರ. ಅವರಿಂದ ಬರೆಸ್ಕೊಂಡು ಬನ್ನಿ. ತಡ ಮಾಡಬೇಡಿ."

ದಾರಿಯಲ್ಲಿ ಅಕ್ಕ ಭಾವನ ಬೆನ್ನ ಮೇಲಿಂದಲೇ ನನ್ನ ಕಡೆ ಬಗ್ಗಿ, "ನೀವೆಲ್ಲ ನಿಮ್ಮ ಸರದಿ ಯಾಕೆ ಬಿಟ್ಕೊಟ್ರಿ?" ಎಂದಳು. ಬೈದದ್ದಲ್ಲ, ನಗುತ್ತಲೇ ಅಂದಳು. ಪ್ರೀತಿಯಿಂದ ವಿಷ ಬಡಿಸಿದ್ದೆವು.

ಮುಂದಿನ ಸಲ ಇಳಿದಾಗ ಆಚೆ ದಡದ ಬಾಟಲಿಯನ್ನು ನಾನು ಒಲೆಯಲ್ಲೇ ತುಂಬಿದೆ. ಕಲ್ಲಿನ ಸಂದಿನೊಳಗೆ ಕೈ ಹಾಕಿದೆ. ಬೆರಳಿಗೆ ಕಬ್ಬಿಣದ ಅಂಚು ತಾಕಿತು, ಗುಂಡಗೆ, ಅಗಲವಾಗಿ. ಆಗ ನೆನಪಾಯಿತು. ಬೇಸಗೆಯಲ್ಲಿ ಕಲ್ಲು ಪೇರಿಸುವಾಗ ಇಲ್ಲೊಂದು ಪೈಪು ಕಂಡಿತ್ತು. ಮಫ್ಲರ್ ಅವಸರದಲ್ಲಿ, "ಅದು ಹಳೇದು, ಸತ್ತಿರೋ ಪೈಪು, ಮೊದಲು ಅದರ ಮೇಲೆ ಪೇರಿಸ್ರೇ," ಎಂದಿದ್ದ. ಮೀನಿನ ಮನೆ ಎಂದು ಹಾಡು ಹೇಳಿಕೊಂಡು ಪೇರಿಸಿದ್ದೆವು.

ಬಾಟಲಿ ತಂದುಕೊಟ್ಟೆ. ಅದು ಕೈಗೆ ತಾಕಿದ ಕೂಡಲೇ ಮಫ್ಲರನ ಹುಬ್ಬು ಏರಿತು. ಹನಿ ಬಿಟ್ಟ. ನೀರು ಬೆಳ್ಳಗೆ ಒಡೆಯಿತು, ಬೆಳ್ಳಗೇ ನಿಂತಿತು. ಒಂದು ಗಳಿಗೆ ಅವನು ಮಾತಾಡಲಿಲ್ಲ. ಮಫ್ಲರನ್ನು ಕೆಳಗೆ ಎಳೆಯುವುದನ್ನೂ ಮರೆತ. ಗೊತ್ತಿಲ್ಲದವನ ಮೌನ ಅದಾಗಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಮೌನ. ಪೈಪು ಸತ್ತಿಲ್ಲ ಎಂದು ಅವನಿಗೆ ಮೊದಲೇ ಗೊತ್ತಿತ್ತು, ಹೆಚ್ಚಿನ ಟೀ ಯಾವುದಕ್ಕೆ ಎಂದು ನನಗೆ ಆಗ ತಿಳಿಯಿತು.

"ಬೆಚ್ಚಗಿದೆಯಲ್ಲೇ," ಎಂದ ಕೊನೆಗೆ. ದನಿ ಏರಿಸಿ, ಎಲ್ಲರಿಗೂ ಕೇಳುವ ಹಾಗೆ: "ಏನೇ, ಬಾಟ್ಲಿಗೆ ಉಚ್ಚೆ ಹೊಯ್ದ್ಯಾ?"

ಬೇಲಿಯ ಪಕ್ಕ ನಿಂತಿದ್ದ ಕಾವಲುಗಾರರು ಹೋ ಎಂದು ನಕ್ಕರು.

"ಆಚೆ ದಡದ ನೀರು ಮೇಸ್ತ್ರಿ. ಅಲ್ಲಿ ಪೈಪಿದೆ. ಅಕ್ಕನ ಕಾಲು..."

"ಚಳಿಗೆ ತಡೆಯೋಕಾಗದೆ ಉಚ್ಚೆ ಹೊಯ್ಕೊಂಡು, ಮೇಲಿಂದ ಪೈಪು ಗೀಪು ಅಂತಾಳೆ ಹಲ್ಕಾ ಮುಂಡೆ. ಸಾಹೇಬ್ರಿಗೆ ಇದನ್ನ ಕಳಿಸ್ಲಾ? ಮೀನು ನೋಡೋ ನೀರಲ್ಲಿ ನಿನ್ನ ಉಚ್ಚೆ ನೋಡ್ಬೇಕಾ ಅವರು?" ಬಾಟಲಿಯನ್ನು ನನ್ನ ಪಾದದ ಮೇಲೆ ಸುರಿದ. "ಹೋಗು, ಮತ್ತೆ ತುಂಬ್ಕೊಂಡು ಬಾ. ನಡುವಿನ ನೀರು. ಇನ್ನು ಆ ಮೂಲೆಗೆ ಯಾವಳಾದ್ರೂ ಹೋದ್ರೆ ನಾಳೆಯಿಂದ ಕೆಲಸಕ್ಕೆ ಬರೋದೇ ಬೇಡ."

ನಾಚಿಕೆಯಿಂದ ನನ್ನ ಕಿವಿ ಉರಿಯುತ್ತಿತ್ತು. ಮಾಡದ ತಪ್ಪಿಗೆ ಆಗುವ ನಾಚಿಕೆಯಷ್ಟು ಕೆಟ್ಟದ್ದು ಬೇರೆ ಇಲ್ಲ. ಮತ್ತೆ ಇಳಿದೆ. ನಡುವಿನ ನೀರು ತುಂಬಿದೆ. ಕಂದುಬಣ್ಣಕ್ಕೆ ತಿರುಗಿತು.

ಮಧ್ಯಾಹ್ನ ಅಕ್ಕನನ್ನು ಹೊತ್ತುಕೊಂಡು ಸಾಹೇಬರ ಆಫೀಸಿಗೆ ಹೋದೆವು. ಒಳಗೆ ಹೊಳೆಯುವ ನೆಲ. ಜವಾನ ನಮ್ಮನ್ನು ಮೆಟ್ಟಿಲಲ್ಲೇ ತಡೆದ. ಗಾಯದಿಂದ ವಾಸನೆ ಬರುತ್ತಿತ್ತು. ಸಾಹೇಬರು ಮೂಗಿಗೆ ಕರ್ಚೀಫು ಹಿಡಿದು ಬಾಗಿಲ ತನಕ ಬಂದರು. ಕೆಟ್ಟವರಲ್ಲ ಅವರು, ಹಾಗಂತ ಎಲ್ಲರೂ ಹೇಳುತ್ತಾರೆ.

"ಏನಮ್ಮಾ ಇದು, ಆಸ್ಪತ್ರೆಗೆ ಹೋಗೋದು ಬಿಟ್ಟು ಇಲ್ಲಿಗೆ?"

ಹೇಳಿದೆ. ಪೈಪು, ಕಟು ನೀರು, ಡಾಕ್ಟರಮ್ಮ ಕೇಳಿದ್ದು. ಒಂದೇ ಒಂದು ಬಾಟಲಿ ಪರೀಕ್ಷೆ ಮಾಡಿ ಒಂದು ಸಾಲು ಬರೆದುಕೊಡಿ, ಅವಳ ಕಾಲು ಉಳಿಯುತ್ತದೆ ಎಂದೆ. ಕೈ ಮುಗಿದೆ ಕೂಡ.

ಸಾಹೇಬರು ನಕ್ಕರು, ದೊಡ್ಡವರು ಮಕ್ಕಳಿಗೆ ನಗುವ ಹಾಗೆ. "ನೋಡಮ್ಮಾ, ಚಳಿಗಾಲ ಶುರುವಾದಾಗಿಂದ ವಾರವಾರ ಪರೀಕ್ಷೆ ಆಗಿದೆ. ಆಚೆ ದಡದ್ದೂ ಸೇರಿ. ಒಂದರಲ್ಲೂ ಏನೂ ಇಲ್ಲ. ಆ ಬಾಟ್ಲಿ ತುಂಬಿದ್ದು ಯಾರು? ನೀವೇ ತಾನೇ? ನಿಮ್ಮ ಕೈಯಾರೆ ತುಂಬಿದ ನೀರನ್ನ ನೀವೇ ಸುಳ್ಳು ಅಂತೀರಾ?"

ಒಲೆ ಉಳಿಸಿಕೊಳ್ಳಲು ನಾವು ಈಚೆ ಸರಿದು ತುಂಬಿದ್ದ ಆ ಎಲ್ಲ ಬಾಟಲಿಗಳು ಸಾಲಾಗಿ ಎದುರು ನಿಂತಂತಾಯಿತು. ಹಾಗೆಂದು ಹೇಳಿದರೆ, ಬೆಚ್ಚಗಿತ್ತು ಅಂತ ಮುಚ್ಚಿಟ್ಟೆವು ಎಂದರೆ, ಯಾರು ನಂಬುತ್ತಾರೆ? ಚಳಿಯೇ ಗೊತ್ತಿಲ್ಲದವರಿಗೆ ಬೆಚ್ಚಗಿರುವ ಆಸೆ ಹೇಗೆ ಅರ್ಥವಾಗಬೇಕು?

"ಕಾಲು ಚೆನ್ನಾಗಿ ತೊಳ್ಕೋಬೇಕಮ್ಮ ನೀವು. ಶುಚಿ ಇರಲ್ಲ, ಅದೇ ಕಷ್ಟ," ಎಂದು ಸಾಹೇಬರು ಒಳಗೆ ಹೋದರು. ಜವಾನ ಅಕ್ಕ ಕೂತಿದ್ದ ಮೆಟ್ಟಿಲಿಗೆ ನೀರು ಸುರಿದು ಪೊರಕೆ ಆಡಿಸಿದ. ಅವಳು ಇನ್ನೂ ಅಲ್ಲೇ ಇದ್ದಳು.

ಗೇಟಿನ ಹತ್ತಿರ ಮಫ್ಲರ್ ಕಾಯುತ್ತಿದ್ದ. "ನಾಳೆ ಬೆಳಿಗ್ಗೆ ದೊಡ್ಡ ದೊಡ್ಡೋರು ಬರ್ತಿದಾರೆ, ಚಳಿಗಾಲದ ಮೀನು ನೋಡೋಕೆ. ಧಣಿಗೆ ಪ್ರಶಸ್ತಿ ಇದೆ. ಹುಲ್ಲುಹಾಸಿನ ಮೇಲೆ ಕಾರ್ಯಕ್ರಮ. ನೀವು ನಾಲ್ಕು ಜನ ಒಗೆದ ಸೀರೆ ಉಟ್ಕೊಂಡು ನೀರಲ್ಲಿ ನಿಂತಿರಬೇಕು, ಬಾಟ್ಲಿ ತುಂಬೋದು ಅವರಿಗೆ ತೋರಿಸಬೇಕು. ಈ ಕುಂಟಿ ಮಾತ್ರ ದಡದ ಹತ್ರ ಸುಳಿಯೋ ಹಾಗಿಲ್ಲ." ಭಾವನ ಕಡೆ ತಿರುಗಿ, "ನೀನೂ ಅಷ್ಟೆ ಮೀನುಗಳ್ಳ," ಎಂದ. ಭಾವನ ಕುತ್ತಿಗೆಯ ನರ ಉಬ್ಬಿತು. ಬೆನ್ನ ಮೇಲೆ ಅಕ್ಕ ಇದ್ದಳು, ಹಾಗೇ ನಡೆದ.

ಗುಡಿಸಲಿನಲ್ಲಿ ಅತ್ತೆ ಸೊಸೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ವಯಸ್ಸಿನಲ್ಲಿ ಇದೇ ನದಿಯಲ್ಲಿ ಬಲೆ ಎಸೆದವಳು, ಬಾಯಿ ಬಿಟ್ಟರೆ ಬೈಗುಳ. ಉಳಿದ ಹೆಂಗಸರೂ ಬಂದು ಕೂತರು. ಯಾರೂ ಅಳಲಿಲ್ಲ. ಅತ್ತಿದ್ದರೆ ಹಗುರಾಗುತ್ತಿತ್ತೇನೋ.

"ಬಾಟ್ಲಿ ತಗೊಂಡ್ ಹೋದ್ರೆ ಚೆಲ್ತಾರೆ," ಎಂದೆ. "ಹೇಳಿದ್ರೆ ನಂಬಲ್ಲ. ಆ ನೀರು ಅವರ ಕಣ್ಣಿಗೆ ಬೀಳೋದಾದ್ರೂ ಹೇಗೆ?"

"ಅವರು ನೀರಿಗಿಳಿಯೋ ನನ್ಮಕ್ಕಳಲ್ಲ," ಎಂದಳು ಅತ್ತೆ. "ನೀರೇ ಅವರ ಹತ್ರ ಹತ್ತಿ ಹೋಗಬೇಕು." ಸ್ವಲ್ಪ ತಡೆದು ಕೇಳಿದಳು: "ಆ ಹುಲ್ಲು ನೆಟ್ಟೋರು ಯಾರೇ?"

"ನಾವೇ ಅತ್ತೆ."

"ಅದರ ಕೆಳಗೆ ಏನಿದೆ?"

ನಾನು ತಟ್ಟನೆ ಎದ್ದು ಕೂತೆ. ಹುಲ್ಲುಹಾಸಿನ ನಡುವೆ ಬಾವಿಯಷ್ಟು ಆಳದ ಒಂದು ಗುಂಡಿ ಇತ್ತು, ಮೇಲೆ ಕಬ್ಬಿಣದ ಮುಚ್ಚಳ. ಕಾರ್ಖಾನೆಯಿಂದ ಬರುವ ಪೈಪು ಆ ಗುಂಡಿಗೆ ಬಂದು ಅಲ್ಲಿಂದ ನದಿಗೆ ಇಳಿಯುತ್ತದೆ. ಮುಚ್ಚಳದ ಮೇಲೆ ತೆಳ್ಳಗೆ ಮಣ್ಣು ಹರಡಿ ಹುಲ್ಲು ಹೊದಿಸಿದ್ದು ನನ್ನ ಕೈಯೇ.

"ಕೆಳಗೆ ಬಾಯಿ ಮುಚ್ಚಿದ್ರೆ ಮೇಲೆ ಕಕ್ಕುತ್ತೆ," ಎಂದಳು ಅತ್ತೆ. "ಮನುಷ್ಯನಾದ್ರೂ ಅಷ್ಟೆ, ಪೈಪಾದ್ರೂ ಅಷ್ಟೆ."

"ಒಲೆ ಆರಿಸಿದ್ರೆ ಮೀನು?" ಎಂದಳು ಅಕ್ಕ, ಮಲಗಿದಲ್ಲಿಂದಲೇ. "ಬೆಚ್ಚಗಿದ್ದು ಅಭ್ಯಾಸ ಆಗಿದೆ ಅವಕ್ಕೆ. ಒಂದೇ ಸಲ ಚಳಿ ಬಿದ್ರೆ ಸಾಯ್ತಾವೆ."

ಆ ಮೀನುಗಳು ನಮ್ಮ ಕಾಲಿಗೆ ಮೈ ಉಜ್ಜಿಕೊಂಡು ಹೋಗುತ್ತಿದ್ದವು. ನಾವೇ ಕೈಯಾರೆ ನೀರಿಗೆ ಬಿಟ್ಟ ಮರಿಗಳು ಅವು.

"ಹೌದು, ಸಾಯ್ತಾವೆ," ಎಂದಳು ಅತ್ತೆ. "ನಾಳೆ ಆರಿಸಿದ್ರೂ ಸಾಯ್ತಾವೆ, ಆ ನನ್ಮಗ ಧಣಿ ಒಂದು ದಿನ ಕಾರ್ಖಾನೆ ನಿಲ್ಲಿಸಿದ್ರೂ ಸಾಯ್ತಾವೆ. ಇವಳ ಕಾಲು ಹೋದ್ಮೇಲೆ ಮೀನು ಈಜ್ತಾ ಇದ್ರೆ ನಾನು ನೋಡಿ ಕುಣೀಲಾ?"

ಕಾರ್ಖಾನೆಯಲ್ಲಿ ಪಾಳಿ ಬದಲಾಗುವ ಸೈರನ್ ಕೂಗಿದಾಗಲೆಲ್ಲ ಒಲೆ ಸ್ವಲ್ಪ ಹೊತ್ತು ತಣ್ಣಗಾಗುತ್ತದೆ. ಬೆಳಗಿನ ಹೊತ್ತು ಅಲ್ಲಿ ನಿಂತು ನಿಂತು ನಮಗದು ಗೊತ್ತಿತ್ತು. ಸಂಜೆಯ ಸೈರನ್ ಕೂಗಿದಾಗ ಕಾವಲುಗಾರರೆಲ್ಲ ಆಚೆ ದಡದಲ್ಲಿ ಕುರ್ಚಿ ಇಳಿಸುತ್ತಿದ್ದರು. ಮುಸ್ಸಂಜೆಗೆ ಮಂಜು ನೀರಿನ ಮೇಲೆ ಇಳಿದಿತ್ತು, ದಡದ ಬುಡ ಅವರಿಗೆ ಕಾಣುತ್ತಿರಲಿಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಜೇಡಿಮಣ್ಣು ತುಂಬಿದ ಗೋಣಿಗಳನ್ನು ಬೇಲಿಯಡಿ ತೂರಿಸಿದೆವು. ಒಡ್ಡು ಕಟ್ಟಲು ಇದನ್ನೇ ಇಡೀ ಬೇಸಗೆ ಮಾಡಿದ್ದೆವು. ಮಡು ತೋಡುವಾಗ ಸಾಹೇಬರ ಕಡೆಯವರೇ ಕಲಿಸಿದ ಕೆಲಸ. ಗೋಣಿ ಭಾರವಾಗಿತ್ತು. ನಾಲ್ಕೇ ಜನರಿಂದ ಆಗುತ್ತಿರಲಿಲ್ಲ.

ಹಿಂದಿನಿಂದ ನೀರು ಕಲಕಿದ ಸದ್ದು. ತಿರುಗಿದರೆ ಭಾವ, ಅವನ ಹಿಂದೆ ನನ್ನ ಗಂಡ. ಬೇಲಿ ಎದ್ದ ಮೇಲೆ ನಮ್ಮ ಗಂಡಸರ ಕಾಲು ನದಿಗೆ ತಾಕಿದ್ದು ಅದೇ ಮೊದಲು.

"ಕೇಸ್ ಬೀಳುತ್ತೆ," ಎಂದೆ ಮೆಲ್ಲಗೆ.

"ಬೀಳ್ಲಿ. ಕಳ್ಳ ಅಂದಿದಾರಲ್ಲ, ಅದೊಂದಾದ್ರೂ ನಿಜ ಮಾಡೋಣ," ಎಂದ ಭಾವ. ಒಂದು ಕ್ಷಣ ನೀರನ್ನು ಬೊಗಸೆಯಲ್ಲಿ ಎತ್ತಿ ನೋಡಿದ. ಆಮೇಲೆ ಗೋಣಿಗೆ ಹೆಗಲು ಕೊಟ್ಟ.

ಪೇರಿಸಿದ ಕಲ್ಲು ತೆಗೆದೆವು. ಪೈಪಿನ ಬಾಯಿಗೆ ಗೋಣಿ ತುರುಕಿ, ಸಂದಿಗೆ ಮಣ್ಣು ಮೆತ್ತಿ, ಮೇಲೆ ಮತ್ತೆ ಅದೇ ಕಲ್ಲು ಹೇರಿದೆವು. ಬೆರಳ ತುದಿ ಚುರುಚುರು ಎಂದಿತು. ಎರಡನೆಯ ಸೈರನ್ ಕೂಗಿತು. ನಾವು ಅಂಗೈ ಇಟ್ಟು ಕಾದೆವು. ಒಲೆ ಮತ್ತೆ ಹೊತ್ತಲಿಲ್ಲ. ಮಡುವಿನ ಆ ಮೂಲೆಗೂ ನಿಧಾನಕ್ಕೆ ಚಳಿ ಬಂದು ತುಂಬಿತು.

ಬೆಳಿಗ್ಗೆ ನಾವು ನಾಲ್ವರು ಒಗೆದ ಸೀರೆಯುಟ್ಟು ಆಚೆ ದಡದ ಬುಡದಲ್ಲಿ, ನೀರಿನಲ್ಲಿ ನಿಂತಿದ್ದೆವು. ತಲೆಯ ಮೇಲೆ ಹುಲ್ಲುಹಾಸು. ಅದರ ಮೇಲೆ ಕೆಂಪು ಜಮಖಾನ, ಬಿಳಿ ಕುರ್ಚಿಗಳು, ಮೈಕು. ಧಣಿ, ಸಾಹೇಬರು, ಶಾಲು ಹೊದ್ದ ಅತಿಥಿಗಳು. ಮಫ್ಲರ್ ಅವತ್ತು ಮಫ್ಲರ್ ಬಿಚ್ಚಿಟ್ಟು ಟೈ ಕಟ್ಟಿಕೊಂಡಿದ್ದ.

ಸಾಹೇಬರ ಭಾಷಣದ ನಡುವೆ ಅತಿಥಿಯೊಬ್ಬರು ನದಿ ಕಡೆ ಬೆರಳು ಮಾಡಿದರು. "ಅಗೋ ಮೀನು! ಎಷ್ಟು ಹತ್ರ ಮೇಲೆ ಬಂದಿವೆ!" ಎಲ್ಲರೂ ಫೋನು ಎತ್ತಿದರು. ಮಂಜು ಸರಿದಂತೆ ಕಂಡದ್ದು ಹೊಟ್ಟೆಗಳು. ಬೆಳ್ಳಗೆ, ಒಂದರ ಪಕ್ಕ ಒಂದು. ನನ್ನ ತೊಡೆಗೆ ಒಂದು ಬಂದು ತಾಕಿತು, ಇನ್ನೂ ಕಿವಿರು ಆಡಿಸುತ್ತಿತ್ತು. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡೆ. ಅಳು ಬಂತು. ಅಕ್ಕನಿಗಾಗಿ ಬಾರದ ಅಳು ಅದಕ್ಕೆ ಬಂತು.

ಫೋನುಗಳು ಒಂದೊಂದಾಗಿ ಇಳಿದವು. ಭಾಷಣ ನಿಂತಿತು. ಆ ಮೌನದಲ್ಲಿ ಮುಂದಿನ ಸಾಲಿನ ಅಮ್ಮನೊಬ್ಬರು ತಮ್ಮ ಕಾಲಡಿ ನೋಡಿಕೊಂಡರು. ಚಪ್ಪಲಿಯಿಂದ ಪಾದ ಹೊರತೆಗೆದು ಜಮಖಾನದ ಮೇಲಿಟ್ಟರು.

"ಅರೆ, ಇಲ್ಲಿ ನೆಲ ಬೆಚ್ಚಗಿದೆ," ಎಂದರು ಪಕ್ಕದವರಿಗೆ. "ಎಷ್ಟು ಹಿತವಾಗಿದೆ!"

"ಹಿತ ಅಲ್ವಾ ಅಮ್ಮ?"

ಎಲ್ಲರೂ ತಿರುಗಿದರು. ಹುಲ್ಲುಹಾಸಿನ ಅಂಚಿನಲ್ಲಿ ಭಾವ ನಿಂತಿದ್ದ, ಬೆನ್ನ ಮೇಲೆ ಅಕ್ಕ. ಕಾವಲುಗಾರರು ಮೀನು ನೋಡುತ್ತಿದ್ದಾಗ ಇಬ್ಬರೂ ಸೇತುವೆ ದಾಟಿ ಬಂದಿದ್ದರು.

"ನಂಗೂ ಹಾಗೇ ಅನ್ನಿಸ್ತಿತ್ತು," ಎಂದಳು ಅಕ್ಕ. ಕಾಲಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚತೊಡಗಿದಳು, ಅವಸರವಿಲ್ಲದೆ, ಒಂದೊಂದೇ ಸುತ್ತು. ಕೊನೆಯ ಸುತ್ತು ಚರ್ಮದ ಜೊತೆಗೇ ಬಂತು.

ಆ ಅಮ್ಮ ಚೀರಿ ಕಾಲೆತ್ತಿಕೊಂಡರು. ಅಷ್ಟರಲ್ಲಿ ಜಮಖಾನ ನಡುವೆ ಉಬ್ಬಿತ್ತು. ಅಂಚುಗಳಿಂದ ಹಬೆ ಎದ್ದಿತು, ಆಮೇಲೆ ನೀರು. ಬಣ್ಣವೇ ಇಲ್ಲದ, ತಿಳಿಯಾದ, ಬಿಸಿ ನೀರು. ಕುರ್ಚಿ ಉರುಳಿದವು, ಮೈಕು ಕೀರಲಿಟ್ಟಿತು. ಧಣಿ ಯಾರಿಗೂ ಹೇಳದೆ ಕಾರಿನ ಕಡೆ ನಡೆದರು. ಮಫ್ಲರ್ ಬರಿಗುತ್ತಿಗೆಯಲ್ಲಿ ಓಡಾಡುತ್ತ, "ಯಾವ ಬೇವರ್ಸಿ ಮಾಡಿದ್ದು? ಯಾವನು? ಹಿಡೀರಿ ಆ ಕಳ್ಳನನ್ನ!" ಎಂದು ಕೂಗಿದ. ಕಾವಲುಗಾರರು ಭಾವನ ಎರಡೂ ರಟ್ಟೆ ಹಿಡಿದರು. ಅಕ್ಕ ಅವನ ಕುತ್ತಿಗೆ ಬಿಡಲಿಲ್ಲ. ದೂರದಲ್ಲಿ ಜೀಪಿನ ಸದ್ದು ಕೇಳಿಸಿತು.

ನಾನು ಕೈಯಲ್ಲಿದ್ದ ಮೀನನ್ನು ನೀರಿಗೆ ಬಿಟ್ಟು ದಡ ಹತ್ತಿದೆ. ಬಾಟಲಿ ತೆಗೆದುಕೊಂಡು, ಬಿರಡೆ ಎಡಗೈಯಲ್ಲಿ ಹಿಡಿದು ಸಾಹೇಬರ ಮುಂದೆ ಮಂಡಿಯೂರಿದೆ. ಅವರ ಹೊಳೆಯುವ ಬೂಟಿನ ಸುತ್ತ ನೀರು ಏರುತ್ತಿತ್ತು. ಅವರು ಒಂದು ಕಾಲು ಎತ್ತಿದರು, ಎಲ್ಲಿ ಇಡಬೇಕೆಂದು ತಿಳಿಯದೆ ಮತ್ತೆ ಅಲ್ಲೇ ಇಟ್ಟರು. ಅಡಿಯ ಮಣ್ಣು ಕಲಕಿತು. ನಾನು ಬಾಟಲಿಯನ್ನು ಓರೆಯಾಗಿ ಮುಳುಗಿಸಿದೆ.

"ಕಾಲು ಅಲ್ಲಾಡಿಸಬೇಡಿ ಸಾಹೇಬ್ರೆ," ಎಂದೆ. "ಕೆಸರು ಏಳುತ್ತೆ."